ಯಂತ್ರ ಕೆಟ್ಟರೂ ಕೆಡದ ನೆನಪು

ಕಂಪ್ಯೂಟರ್ ಕೆಟ್ಟು ಕೂತಾಗ ಯಂತ್ರದ ಬೆಲೆಯನ್ನು ನೆನೆದು ಅಳುವವರು ಕಡಿಮೆ. ದುಡ್ಡು ಕೊಟ್ಟರೆ ಯಂತ್ರ ಇನ್ನೊಂದು ಬರುತ್ತದೆ. ಒಳಗಿದ್ದ ಹತ್ತು ವರ್ಷದ ಲೆಕ್ಕಪತ್ರ, ತೀರಿಕೊಂಡ ತಂದೆಯ ಫೋಟೊ, ಮುಕ್ಕಾಲು ಮುಗಿದಿದ್ದ ಪಿಎಚ್.ಡಿ. ಪ್ರಬಂಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ರಿಪೇರಿಯವರು ಮೊದಲು ಮಾಡುವುದು ಒಂದು ಸರಳ ಕೆಲಸ. ಕೆಟ್ಟ ಯಂತ್ರದ ಹೊಟ್ಟೆಯಿಂದ ಹಾರ್ಡ್ ಡಿಸ್ಕನ್ನು ಬಿಚ್ಚಿ, ಚೆನ್ನಾಗಿರುವ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಚಿಕ್ಕ ಅಂಗಡಿಯಿಂದ ಹಿಡಿದು ಅಮೆರಿಕದ ದೊಡ್ಡ ಪ್ರಯೋಗಾಲಯದವರೆಗೆ ಈ ಉಪಾಯದ ತಿರುಳು ಒಂದೇ. ದೇಹ ಬೇರೆ, ನೆನಪು ಬೇರೆ. ಒಂದು ದೇಹ ಸತ್ತರೆ ನೆನಪಿಗೆ ಇನ್ನೊಂದು ದೇಹ ಕೊಡಬಹುದು.

ಹಾಗೆ ಕೊಡಲು ಸಾಧ್ಯವಾದದ್ದು ತಾನೇ ತಾನಾಗಿ ಅಲ್ಲ. ಅದರ ಹಿಂದೆ ಅರವತ್ತು ಎಪ್ಪತ್ತು ವರ್ಷಗಳ ಕತೆಯಿದೆ.

ಬಣ್ಣ ಬಳಿದ ತಟ್ಟೆಗಳು

1956ರ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ಯಂತ್ರವನ್ನು ಪ್ರಕಟಿಸಿತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ಅದನ್ನು ರೂಪಿಸಿತ್ತು. ಅದುವರೆಗೆ ಮಾಹಿತಿಯನ್ನು ತೂತು ಹೊಡೆದ ಕಾರ್ಡುಗಳಲ್ಲೋ ಉದ್ದನೆಯ ಕಾಂತಪಟ್ಟಿಯಲ್ಲೋ ಇಡುತ್ತಿದ್ದರು. ಪಟ್ಟಿಯ ಕೊನೆಯಲ್ಲಿರುವುದು ಬೇಕಾದರೆ ಪಟ್ಟಿಯನ್ನೆಲ್ಲ ಸುತ್ತಬೇಕು. ರಾಮಾಕ್‌ನಲ್ಲಿ 24 ಅಂಗುಲ ಅಗಲದ 50 ಲೋಹದ ತಟ್ಟೆಗಳು ಒಂದರ ಮೇಲೊಂದು ನಿಂತು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ತಟ್ಟೆಗಳ ಮೇಲೆ ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣದ ಲೇಪವಿತ್ತು. ಆ ಲೇಪದ ಮೇಲೆ ಸೂಕ್ಷ್ಮ ಕಾಂತಗಳ ಸಾಲೇ ಬರವಣಿಗೆ. ಓದುವ ಬರೆಯುವ ಹೆಡ್ ಎಂಬ ಭಾಗ ಮೇಲೆ ಕೆಳಗೆ ಚಲಿಸಿ, ಬೇಕಾದ ತಟ್ಟೆಯ ಬೇಕಾದ ಜಾಗಕ್ಕೆ ಒಂದು ಸೆಕೆಂಡಿನೊಳಗೆ ತಲುಪುತ್ತಿತ್ತು. ಒಂದು ಟನ್‌ನಷ್ಟು ಭಾರವಿದ್ದ ಈ ಉಗ್ರಾಣದಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗಳಿಗೆ ಅಷ್ಟು ಜಾಗ ಸಾಲದು.

ತಟ್ಟೆಗಳು ಆ ಯಂತ್ರದೊಳಗೇ ಬಂದಿಯಾಗಿದ್ದವು. 1962ರಲ್ಲಿ ಅದೇ ಕಂಪನಿಯ 1311 ಎಂಬ ಮಾದರಿ ಆ ಬಂಧನವನ್ನು ಬಿಡಿಸಿತು. ಆರು ತಟ್ಟೆಗಳ ಒಂದು ಕಟ್ಟನ್ನು ಮುಚ್ಚಳವಿದ್ದ ಪಾತ್ರೆಯಂತೆ ಕೈಯಲ್ಲಿ ಎತ್ತಿಕೊಂಡು ಹೋಗಿ, ಅದೇ ಜಾತಿಯ ಇನ್ನೊಂದು ಯಂತ್ರದಲ್ಲಿ ಕೂರಿಸಬಹುದಿತ್ತು. ನೆನಪು ಮೊದಲ ಬಾರಿಗೆ ಒಂದು ಯಂತ್ರದ ಮನೆ ಬಿಟ್ಟು ಇನ್ನೊಂದರ ಮನೆಗೆ ಹೋಯಿತು.

ಆದರೆ ಹೊರಗಿನ ಗಾಳಿ ತಗುಲಿದಷ್ಟೂ ಧೂಳಿನ ಕಾಟ. ಹೆಡ್ ತಟ್ಟೆಯನ್ನು ಮುಟ್ಟಬಾರದು. ತೆಳ್ಳನೆಯ ಗಾಳಿಯ ಪದರದ ಮೇಲೆ ತೇಲಬೇಕು. ಹೆಚ್ಚು ಬರೆಯಬೇಕಾದರೆ ಇನ್ನೂ ಹತ್ತಿರ ತೇಲಬೇಕು. ನಡುವೆ ಒಂದು ಧೂಳಿನ ಕಣ ಸಿಕ್ಕಿದರೂ ಹೆಡ್ ಮುಗ್ಗರಿಸಿ ಲೇಪವನ್ನು ಕೆರೆದುಹಾಕುತ್ತದೆ. 1973ರಲ್ಲಿ ಬಂದ ವಿಂಚೆಸ್ಟರ್ ಎಂಬ ಅಡ್ಡಹೆಸರಿನ ಡಿಸ್ಕಿನಲ್ಲಿ ತಟ್ಟೆ ಮತ್ತು ಹೆಡ್‌ಗಳನ್ನು ಸೇರಿಸಿಯೇ ಒಂದು ಡಬ್ಬಿಯಲ್ಲಿ ಮುಚ್ಚಿದರು. 1980ರಲ್ಲಿ ಸೀಗೇಟ್ ಕಂಪನಿ ಅದೇ ತತ್ತ್ವದಿಂದ ಮೇಜಿನ ಕಂಪ್ಯೂಟರಿನೊಳಗೆ ಹಿಡಿಸುವ 5 ಮೆಗಾಬೈಟಿನ ಡಿಸ್ಕನ್ನು ಮಾಡಿತು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ 10 ಮೆಗಾಬೈಟಿನ ಹಾರ್ಡ್ ಡಿಸ್ಕಿನೊಂದಿಗೆ ಬಂತು.

ಆ ಕಾಲದಲ್ಲಿ ಡಿಸ್ಕು ಒಂದು ಕಡೆ, ಅದನ್ನು ಆಡಿಸುವ ಬುದ್ಧಿ ಇನ್ನೊಂದು ಕಡೆ. ಆ ಬುದ್ಧಿ ಇದ್ದದ್ದು ಕಂಪ್ಯೂಟರಿನಲ್ಲಿ ಸಿಕ್ಕಿಸಿದ ನಿಯಂತ್ರಕ ಕಾರ್ಡಿನಲ್ಲಿ. ಒಂದು ಕಂಪನಿಯ ಕಾರ್ಡು ಬರೆದದ್ದನ್ನು ಇನ್ನೊಂದು ಕಂಪನಿಯ ಕಾರ್ಡು ಓದುತ್ತದೆ ಎಂಬ ಖಾತರಿ ಇರಲಿಲ್ಲ. ಡಿಸ್ಕನ್ನು ಬೇರೆ ಯಂತ್ರಕ್ಕೆ ಒಯ್ದರೆ ಕಾರ್ಡನ್ನೂ ಜೊತೆಗೆ ಒಯ್ಯಬೇಕಾಗುತ್ತಿತ್ತು. ಇದನ್ನು ಬದಲಿಸಿದ್ದು 1986ರ ಸುಮಾರಿಗೆ ಕಾಂಪ್ಯಾಕ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳು ಬಳಕೆಗೆ ತಂದ ಐಡಿಇ ಪದ್ಧತಿ. ನಿಯಂತ್ರಕವನ್ನು ಡಿಸ್ಕಿನ ಬೆನ್ನಿಗೇ ಅಂಟಿಸಿದರು. ಕಂಪ್ಯೂಟರು 'ಇಂಥ ಅಂಕಣದಲ್ಲಿರುವುದನ್ನು ಕೊಡು' ಎಂದು ಕೇಳಿದರೆ ಸಾಕು. ಹುಡುಕಿ ಕೊಡುವುದು ಡಿಸ್ಕಿನ ಕೆಲಸ. ಈ ಮಾತುಕತೆಯ ಭಾಷೆ 1994ರಲ್ಲಿ ಅಮೆರಿಕದ ಅಧಿಕೃತ ಮಾನಕವೂ ಆಯಿತು. ಒಂದೇ ಅಗಲ ತಂತಿಗೆ ಎರಡು ಡಿಸ್ಕುಗಳನ್ನು ಜೋಡಿಸಿ, ಜಂಪರ್ ಎಂಬ ಪುಟ್ಟ ಚಿಪ್ಪನ್ನು ಆಚೀಚೆ ಮಾಡಿ ಒಂದನ್ನು 'ಮಾಸ್ಟರ್', ಇನ್ನೊಂದನ್ನು 'ಸ್ಲೇವ್' ಮಾಡುತ್ತಿದ್ದ ಕೆಲಸ 1990ರ ದಶಕದಲ್ಲಿ ಕಂಪ್ಯೂಟರ್ ಬಿಚ್ಚಿ ಬಲ್ಲವರಿಗೆಲ್ಲ ನೆನಪಿರುತ್ತದೆ. ಆಮೇಲೆ ಸಾಟಾ ಬಂತು, ಯುಎಸ್‌ಬಿ ಡಬ್ಬಿಗಳು ಬಂದವು. ತಂತಿ ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಅಳಿಸಿದ್ದು ಅಳಿಯುವುದಿಲ್ಲ

ಇನ್ನೊಂದು ಕಂಪ್ಯೂಟರೇ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಯಂತ್ರದ ವಿದ್ಯುತ್ ಭಾಗವೋ ಮುಖ್ಯ ಫಲಕವೋ ಸುಟ್ಟಿದ್ದರೆ ಉತ್ತರ ಸುಲಭ. ಡಿಸ್ಕು ಆರೋಗ್ಯವಾಗಿಯೇ ಇದೆ, ಅದಕ್ಕೆ ನಿಲ್ಲಲು ನೆಲೆ ಬೇಕು, ಅಷ್ಟೆ. ಆದರೆ ಯಂತ್ರ ಚೆನ್ನಾಗಿದ್ದು, ಬೇಕಾದ ಫೈಲನ್ನು ಕೈತಪ್ಪಿ ಅಳಿಸಿದಾಗಲೂ ತಿಳಿದವರು ಯಂತ್ರವನ್ನು ಆರಿಸಿ ಡಿಸ್ಕನ್ನು ಹೊರತೆಗೆಯುತ್ತಾರೆ. ಇದರ ಕಾರಣ ತಿಳಿಯಬೇಕಾದರೆ 'ಅಳಿಸುವುದು' ಎಂದರೇನು ಎಂದು ನೋಡಬೇಕು.

ಗ್ರಂಥಾಲಯದಲ್ಲಿ ಒಂದು ಪುಸ್ತಕ ಬೇಡವೆಂದು ತೀರ್ಮಾನವಾಯಿತು ಎನ್ನೋಣ. ಗ್ರಂಥಪಾಲಕರು ಕಪಾಟಿನವರೆಗೆ ಹೋಗದೆ, ಸೂಚಿಯಲ್ಲಿ ಅದರ ಹೆಸರಿನ ಮೇಲೆ ಒಂದು ಗೀಟು ಎಳೆದು 'ಈ ಜಾಗ ಖಾಲಿ' ಎಂದು ಬರೆದರೆ? ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಇನ್ನೊಂದು ಪುಸ್ತಕ ಬಂದು ಆ ಜಾಗವನ್ನು ಕೇಳುವವರೆಗೆ ಅದಕ್ಕೆ ಅಪಾಯವಿಲ್ಲ. ಐಬಿಎಂ ಪಿಸಿಯ ಡಾಸ್ ವ್ಯವಸ್ಥೆ ಮಾಡುತ್ತಿದ್ದದ್ದು ಇಷ್ಟೇ. ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಅದು ಕೂತಿದ್ದ ಜಾಗವನ್ನು ಖಾಲಿ ಎಂದು ಲೆಕ್ಕಕ್ಕೆ ಬರೆದುಕೊಳ್ಳುತ್ತಿತ್ತು. ಪೀಟರ್ ನಾರ್ಟನ್ ಎಂಬ ಅಮೆರಿಕದ ಪ್ರೋಗ್ರಾಮರ್ 1982ರಲ್ಲಿ ಹೊರತಂದ ನಾರ್ಟನ್ ಯುಟಿಲಿಟೀಸ್‌ನಲ್ಲಿ ಅಳಿಸಿದ್ದನ್ನು ಮರಳಿಸುವ ಪ್ರೋಗ್ರಾಮ್ ಹೆಸರಾದದ್ದು ಈ ಗುಟ್ಟಿನಿಂದಲೇ. ಹೋದ ಮೊದಲ ಅಕ್ಷರವನ್ನು ಬಳಕೆದಾರರೇ ಹೇಳಿದರೆ ಉಳಿದದ್ದನ್ನು ಅದು ಜೋಡಿಸುತ್ತಿತ್ತು. ಫೈಲು ಒಂದೇ ಕಡೆ ಸಾಲಾಗಿ ಕೂತಿದ್ದರೆ ಪೂರ್ತಿ ಸಿಗುತ್ತಿತ್ತು. ಚೂರುಚೂರಾಗಿ ಹಂಚಿಹೋಗಿದ್ದರೆ ಕಷ್ಟ.

ಅಪಾಯ ಬರುವುದು ಹೊಸ ಬರವಣಿಗೆಯಿಂದ. ಇಂದಿನ ಕಂಪ್ಯೂಟರು ಸುಮ್ಮನೆ ಶುರುವಾಗಿ ನಿಂತರೂ ತನ್ನ ಡಿಸ್ಕಿನ ಮೇಲೆ ಏನೇನೋ ಗೀಚುತ್ತಲೇ ಇರುತ್ತದೆ. ದಿನಚರಿ ಬರೆದುಕೊಳ್ಳುತ್ತದೆ, ತಾತ್ಕಾಲಿಕ ಫೈಲುಗಳನ್ನು ಇಡುತ್ತದೆ, ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತದೆ. 'ಖಾಲಿ' ಎಂದು ಬರೆದಿಟ್ಟ ಜಾಗಕ್ಕೇ ಇವೆಲ್ಲ ಹೋಗಿ ಕೂರುತ್ತವೆ. ಕಳೆದದ್ದನ್ನು ಹುಡುಕುವ ಪ್ರೋಗ್ರಾಮನ್ನು ಅದೇ ಡಿಸ್ಕಿಗೆ ತಂದು ಹಾಕಿದವರು ಹುಡುಕುವ ಮೊದಲೇ ಅಳಿಸಿದಂತಾಗುತ್ತದೆ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಎರಡನೆಯದಾಗಿ ಜೋಡಿಸಿದರೆ, ಆ ಕಂಪ್ಯೂಟರು ತನ್ನ ಸ್ವಂತ ಡಿಸ್ಕಿನಿಂದ ನಡೆಯುತ್ತದೆ, ಅತಿಥಿ ಡಿಸ್ಕನ್ನು ಓದುತ್ತದೆ. ನ್ಯಾಯಾಲಯದ ಸಾಕ್ಷ್ಯಕ್ಕಾಗಿ ಡಿಸ್ಕುಗಳನ್ನು ಪರೀಕ್ಷಿಸುವವರು ನಡುವೆ ಬರವಣಿಗೆಯನ್ನು ತಡೆಯುವ ಒಂದು ಉಪಕರಣವನ್ನೂ ಇಡುತ್ತಾರೆ. ಓದಿನ ಆಜ್ಞೆ ದಾಟುತ್ತದೆ, ಬರಹದ ಆಜ್ಞೆ ದಾಟುವುದಿಲ್ಲ.

ಈ ಗುಣಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ 2000ರಿಂದ 2002ರ ನಡುವೆ 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ತಮ್ಮ ಕಂಪ್ಯೂಟರಿಗೆ ಜೋಡಿಸಿ ನೋಡಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಖಾಸಗಿ ಪತ್ರಗಳು, ಆರೋಗ್ಯದ ವಿವರಗಳು ಸಿಕ್ಕವು. 2003ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಕಳೆದುಕೊಂಡವರಿಗೆ ವರವಾದದ್ದು ಮಾರಿ ಮರೆತವರಿಗೆ ಶಾಪ.

ಮೊದಲು ಪಡಿಯಚ್ಚು, ಆಮೇಲೆ ಓದು

ಡಿಸ್ಕು ಸ್ವತಃ ಕೆಡುತ್ತಿದ್ದರೆ ಇನ್ನೊಂದು ನಿಯಮ ಜಾರಿಗೆ ಬರುತ್ತದೆ. ಕನ್ನಡ ನಾಡಿನಲ್ಲಿ ಅದಕ್ಕೆ ಒಳ್ಳೆಯ ಹೋಲಿಕೆ ಶಾಸನ ಓದುವವರ ಪದ್ಧತಿ. ಬಯಲಲ್ಲಿ ನಿಂತ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಓದು, ಚರ್ಚೆ, ಪಾಠಾಂತರ ಎಲ್ಲವೂ ಆ ಕಾಗದದ ಮೇಲೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದ ಮೇಲೆ ಎಷ್ಟೋ ಕಲ್ಲುಗಳು ಸವೆದವು, ಕಾಣೆಯಾದವು. ಪ್ರತಿ ಉಳಿದದ್ದರಿಂದ ಪಾಠ ಉಳಿಯಿತು.

ಡಿಸ್ಕಿನಲ್ಲೂ ಹಾಗೆಯೇ. ಸಾಯುತ್ತಿರುವ ಡಿಸ್ಕಿನಲ್ಲಿ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕೂರುವುದು ರೋಗಿಯನ್ನು ಓಡಿಸಿದಂತೆ. ಮೊದಲು ಅದರ ಪ್ರತಿ ಅಂಕಣವನ್ನೂ ಇದ್ದಂತೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು. ಹುಡುಕಾಟವೆಲ್ಲ ಆ ನಕಲಿನ ಮೇಲೆ. ಅಂತೋನಿಯೊ ದಿಯಾಸ್ ದಿಯಾಸ್ ಅವರು 2004ರಿಂದ ಬೆಳೆಸಿದ ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಮು ಈ ಕೆಲಸದಲ್ಲಿ ಜಾಣತನ ತೋರಿಸುತ್ತದೆ. ಸುಲಭವಾಗಿ ಓದಿಗೆ ಬರುವ ಭಾಗವನ್ನು ಮೊದಲು ಎತ್ತಿಕೊಳ್ಳುತ್ತದೆ. ತಡವರಿಸುವ ಜಾಗವನ್ನು ಗುರುತು ಹಾಕಿ ದಾಟುತ್ತದೆ. ಕೊನೆಯಲ್ಲಿ ಹಿಂದಿರುಗಿ ಹಟಮಾರಿ ಜಾಗಗಳನ್ನು ಮತ್ತೆ ಮತ್ತೆ ಕೇಳುತ್ತದೆ. ಡಿಸ್ಕು ನಡುವೆಯೇ ಸತ್ತರೂ ಸಿಕ್ಕಷ್ಟು ಸಿಕ್ಕಿರುತ್ತದೆ. ಸೂಚಿಯೇ ಹಾಳಾಗಿದ್ದರೆ ಕ್ರಿಸ್ತೋಫ್ ಗ್ರೆನಿಯೆ ಎಂಬ ಫ್ರಾನ್ಸಿನ ಪ್ರೋಗ್ರಾಮರ್ ಬರೆದ ಫೋಟೊರೆಕ್‌ನಂಥವು ಇವೆ. ಜೆಪೆಗ್ ಚಿತ್ರಗಳೆಲ್ಲ ಒಂದೇ ಬಗೆಯ ಗುರುತಿನಿಂದ ಶುರುವಾಗುತ್ತವೆ. ಆ ಗುರುತು ಕಂಡಲ್ಲೆಲ್ಲ ಚಿತ್ರವಿದೆ ಎಂದು ಊಹಿಸಿ ಎತ್ತುತ್ತಾರೆ. ಫೋಟೊ ಸಿಗುತ್ತದೆ, ಅದರ ಹೆಸರು ಮಾತ್ರ ಸಿಗುವುದಿಲ್ಲ.

ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು ಬಂದರೆ ಹೆಡ್ಡಿಗೇ ಪೆಟ್ಟು ಬಿದ್ದಿರಬಹುದು. ಆಗ ಯಾವ ಪ್ರೋಗ್ರಾಮೂ ನೆರವಾಗದು. ಇಂದಿನ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲು ಅದರ ಹತ್ತಾರು ಸಾವಿರ ಪಟ್ಟು ದಪ್ಪ. ಧೂಳಿಲ್ಲದ ಕೋಣೆಯಲ್ಲಿ ಡಬ್ಬಿ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡನ್ನು ತೆಗೆದು ಜೋಡಿಸಬೇಕು. ಅಂಗ ಕಸಿಯಂತೆ ಇಲ್ಲೂ ದಾನಿ ಬೇಕು.

ಆಕಾಶದಿಂದ ಬಿದ್ದ ಡಿಸ್ಕು

ಈ ವಿದ್ಯೆಯ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಕೊಲಂಬಿಯಾ ದುರಂತದ ನಂತರ. 2003ರ ಜನವರಿ 16ರಂದು ಹಾರಿದ ಆ ಬಾಹ್ಯಾಕಾಶ ನೌಕೆ ಫೆಬ್ರುವರಿ 1ರಂದು ಮರಳುವಾಗ ಟೆಕ್ಸಸ್ ರಾಜ್ಯದ ಮೇಲೆ, ಸುಮಾರು 60 ಕಿಲೋಮೀಟರ್ ಎತ್ತರದಲ್ಲಿ ಒಡೆದುಹೋಯಿತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋದ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟದ್ದು ಆ ವಾರವೇ.

ನೌಕೆಯಲ್ಲಿ ಕ್ಸೆನಾನ್ ಎಂಬ ಅನಿಲದ ಮೇಲೆ ಒಂದು ಪ್ರಯೋಗವಿತ್ತು. ಒಂದು ನಿರ್ದಿಷ್ಟ ಉಷ್ಣತೆ ಮತ್ತು ಒತ್ತಡದಲ್ಲಿ ದ್ರವ ಮತ್ತು ಅನಿಲಗಳ ನಡುವಿನ ಭೇದ ಅಳಿಯುತ್ತದೆ. ಅಲ್ಲಿ ಅದರ ಸ್ನಿಗ್ಧತೆ ಹೇಗೆ ವರ್ತಿಸುತ್ತದೆ ಎಂಬುದು ಪ್ರಶ್ನೆ. ಭೂಮಿಯ ಮೇಲೆ ಇದನ್ನು ಅಳೆಯಲಾಗದು. ಆ ಸ್ಥಿತಿಯಲ್ಲಿ ಕ್ಸೆನಾನ್ ತನ್ನ ಭಾರಕ್ಕೆ ತಾನೇ ಕುಗ್ಗಿ ಅಡಿಯಲ್ಲಿ ದಟ್ಟ, ಮೇಲೆ ತೆಳುವಾಗುತ್ತದೆ. ಅಮೆರಿಕದ ಮಾನಕ ಸಂಸ್ಥೆಯ ರಾಬರ್ಟ್ ಬರ್ಗ್ ಮತ್ತು ಸಂಗಡಿಗರು ಇದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದರು. ಅಳತೆಗಳಲ್ಲಿ ಒಂದು ಭಾಗ ಹಾರಾಟದ ವೇಳೆಯೇ ರೇಡಿಯೊ ಮೂಲಕ ಭೂಮಿಗೆ ಬಂದಿತ್ತು. ಉಳಿದದ್ದು 340 ಮೆಗಾಬೈಟಿನ ಒಂದು ಸೀಗೇಟ್ ಡಿಸ್ಕಿನಲ್ಲಿತ್ತು.

ಅವಶೇಷಗಳ ರಾಶಿಯಲ್ಲಿ ಆ ಡಿಸ್ಕು ಸಿಕ್ಕಿತು. ನೋಡಿದವರಿಗೆ ಅದು ಡಿಸ್ಕೆಂದು ಗುರುತು ಹಿಡಿಯುವುದೇ ಕಷ್ಟವಾಗಿತ್ತು. ವಿದ್ಯುತ್ ಫಲಕ ಸುಟ್ಟುಹೋಗಿತ್ತು. ಧೂಳು ತಡೆಯುವ ಬಿರಡೆ ಕರಗಿ ಒಳಗೆ ಮಣ್ಣು ಸೇರಿತ್ತು. ಅದನ್ನು ಮಿನೆಸೋಟ ರಾಜ್ಯದ ಆನ್‌ಟ್ರ್ಯಾಕ್ ಕಂಪನಿಗೆ ಕಳುಹಿಸಿದರು. ಅಲ್ಲಿಯ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ತಟ್ಟೆಗಳನ್ನು ಹೊರತೆಗೆದು, ರಾಸಾಯನಿಕದಿಂದ ತೊಳೆದು, ಹೊಸ ಡಿಸ್ಕಿನ ಒಡಲಲ್ಲಿ ಕೂರಿಸಿದರು. ಎರಡು ದಿನಗಳಲ್ಲಿ ಮಾಹಿತಿಯ ಶೇಕಡಾ 99ರಷ್ಟು ಹೊರಬಂತು.

ಪವಾಡವೆಂದು ಬಣ್ಣಿಸಿದ ಈ ಘಟನೆಯ ಹಿಂದೆ ತಿಳಿಯಬಹುದಾದ ಕಾರಣಗಳಿವೆ. ಮಣ್ಣಿನ ಕಣಗಳು ತಟ್ಟೆಯನ್ನು ಅಲ್ಲಲ್ಲಿ ಕೊರೆದಿದ್ದವು ನಿಜ. ಆದರೆ ಡಿಸ್ಕಿನ ಅರ್ಧದಷ್ಟು ಮಾತ್ರ ತುಂಬಿತ್ತು, ಗಾಯವಾದದ್ದು ಖಾಲಿ ಭಾಗದಲ್ಲಿ. ಪ್ರಯೋಗವನ್ನು ನಡೆಸುತ್ತಿದ್ದ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಡಾಸ್. ಅದು ಮಾಹಿತಿಯನ್ನು ಎಲ್ಲೆಂದರಲ್ಲಿ ಚೆಲ್ಲದೆ ಒಂದು ಕಡೆಯಿಂದ ಸಾಲಾಗಿ ಬರೆಯುತ್ತ ಹೋಗಿತ್ತು. ಹಳತೆಂದು ಹೀಗಳೆಯಬಹುದಾಗಿದ್ದ ವ್ಯವಸ್ಥೆಯ ಸರಳತನವೇ ಅದನ್ನು ಕಾಪಾಡಿತು. ಅದೇ ನೌಕೆಯ ಬೇರೆ ಎರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ.

2008ರ ಏಪ್ರಿಲ್‌ನಲ್ಲಿ ಫಿಸಿಕಲ್ ರಿವ್ಯೂ ಇ ಪತ್ರಿಕೆಯಲ್ಲಿ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಕಡೆದಾಗ ಸಡಿಲವಾಗುವ ಕ್ರೀಮಿನ ಗುಣವನ್ನು, ಒಂಟಿ ಪರಮಾಣುಗಳ ಸರಳ ವಸ್ತುವಾದ ಕ್ಸೆನಾನ್ ಕೂಡ ಆ ವಿಶೇಷ ಬಿಂದುವಿನ ಬಳಿ ತೋರಿಸುತ್ತದೆ ಎಂದು ಅದು ಸಾಧಿಸಿತು. ಅದೇ ನೌಕೆಯಲ್ಲಿದ್ದ ಇಸ್ರೇಲಿನ ಇಲಾನ್ ರಾಮೋನ್ ಅವರ ದಿನಚರಿಯ ಕೆಲವು ಹಾಳೆಗಳೂ ಟೆಕ್ಸಸ್‌ನ ಬಯಲಲ್ಲಿ ಸಿಕ್ಕಿ, ದುರಸ್ತಿಗೊಂಡು, ಅದೇ ವರ್ಷ ಜೆರುಸಲೇಮಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಸತ್ತವರು ಮರಳಲಿಲ್ಲ. ಅವರು ಹೋದ ಕೆಲಸದ ಒಂದು ಪಾಲು ಮರಳಿತು.

ಓದುವ ಯಂತ್ರವೇ ಇಲ್ಲದಾಗ

ತಟ್ಟೆ ಹಾಳಾಗಿದ್ದರೂ ಓದುವ ಯಂತ್ರವಿದ್ದರೆ ದಾರಿಯಿದೆ. ತಟ್ಟೆ ನೆಟ್ಟಗಿದ್ದು ಯಂತ್ರವೇ ಇಲ್ಲದಿದ್ದರೆ? 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಭೂಮಾಪನದ ದಾಖಲೆ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಹೊಸ ಡೂಮ್ಸ್‌ಡೇ ಒಂದನ್ನು ಮಾಡಿತು. ಹತ್ತು ಲಕ್ಷದಷ್ಟು ಜನ, ಅವರಲ್ಲಿ ಬಹುಪಾಲು ಶಾಲಾ ಮಕ್ಕಳು, ತಮ್ಮ ಊರಿನ ಬದುಕನ್ನು ಬರೆದು ಕಳಿಸಿದರು. ಅದೆಲ್ಲವನ್ನೂ ದೊಡ್ಡ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಅವನ್ನು ಓದಲು ವಿಶೇಷ ಯಂತ್ರ ಮತ್ತು ಬಿಬಿಸಿ ಮಾಸ್ಟರ್ ಕಂಪ್ಯೂಟರ್ ಬೇಕಿತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅಂಥ ಯಂತ್ರಗಳೇ ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡ ಹೊಸ ಕಂಪ್ಯೂಟರಿನೊಳಗೆ ಹಳೆಯದರ ವೇಷ ಕಟ್ಟಿಸಿ ಅದನ್ನು ಓದಿಸಿತು. ಚರ್ಮದ ಹಾಳೆಯ ಹಳೆಯ ಪುಸ್ತಕವನ್ನು ಮಾತ್ರ ಲ್ಯಾಟಿನ್ ಬಲ್ಲವರು ಇಂದಿಗೂ ಓದುತ್ತಾರೆ.

ಕನ್ನಡಕ್ಕೂ ಈ ಪಾಠ ಹೊರಗಿನದಲ್ಲ. 1990ರ ದಶಕದಲ್ಲಿ ಮತ್ತು ಆಮೇಲೆ ಕೆಲವು ವರ್ಷ ಶ್ರೀಲಿಪಿ, ಬರಹ, ನುಡಿ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕನ್ನಡ ಅಪಾರ. ಅವು ಬಳಸಿದ ಸಂಕೇತಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳು. ಕನ್ನಡವಾಗಿ ಕಾಣುತ್ತಿದ್ದದ್ದು ಅಕ್ಷರ ಶೈಲಿಯಿಂದ, ಅಂದರೆ ಫಾಂಟಿನಿಂದ. ಅಂಥ ಕಾಲದ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಒಂದು ಬಿಂದುವೂ ಕೆಡದಂತೆ ಫೈಲನ್ನು ಎತ್ತಿದರೂ ಪರದೆಯ ಮೇಲೆ ಮೂಡುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು. ಯಾವ ಫಾಂಟಿನಲ್ಲಿ ಬರೆದದ್ದು ಎಂದು ತಿಳಿದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು. ಡಿಸ್ಕಿನ ಜೊತೆ ಆ ತಿಳಿವಳಿಕೆಯೂ ಉಳಿಯಬೇಕು.

ಮುಚ್ಚುತ್ತಿರುವ ಬಾಗಿಲು

ಐಡಿಇ ತೆರೆದ ಬಾಗಿಲು ಈಗ ಬೇರೆ ಕಾರಣಗಳಿಂದ ಕಿರಿದಾಗುತ್ತಿದೆ. ತಿರುಗುವ ತಟ್ಟೆಯ ಜಾಗಕ್ಕೆ ಚಿಪ್ಪುಗಳ ಎಸ್‌ಎಸ್‌ಡಿ ಬಂದಿದೆ. ಖಾಲಿಯಾದ ಜಾಗವನ್ನು ಕಂಪ್ಯೂಟರು ಟ್ರಿಮ್ ಎಂಬ ಆಜ್ಞೆಯಿಂದ ಅದಕ್ಕೆ ತಿಳಿಸುತ್ತದೆ. ವಿಂಡೋಸ್‌ನಲ್ಲಿ ಇದು 2009ರ 7ನೇ ಆವೃತ್ತಿಯಿಂದ ಇದೆ. ತಿಳಿದ ಕೂಡಲೇ ಎಸ್‌ಎಸ್‌ಡಿ ಬಿಡುವಿನ ವೇಳೆಯಲ್ಲಿ ಆ ಜಾಗವನ್ನು ನಿಜವಾಗಿಯೂ ಗುಡಿಸುತ್ತದೆ. ಗ್ರಂಥಪಾಲಕರು ಸೂಚಿಯಲ್ಲಿ ಗೀಟೆಳೆದು, ಜವಾನ ಕಪಾಟಿನಿಂದ ಪುಸ್ತಕವನ್ನೂ ಎತ್ತಿ ಸುಟ್ಟಂತೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಚಿಪ್ಪುಗಳನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ, ಬಿಚ್ಚಿ ಒಯ್ಯಲು ಏನೂ ಇರುವುದಿಲ್ಲ. ಬರೆದದ್ದೆಲ್ಲ ಗೂಢಲಿಪಿಯಲ್ಲಿ ಕೂತು, ಅದರ ಕೀಲಿ ಅದೇ ಯಂತ್ರದ ಒಂದು ಚಿಪ್ಪಿನಲ್ಲೋ ಒಡೆಯನ ನೆನಪಿನಲ್ಲೋ ಇರುವುದು ಸಾಮಾನ್ಯವಾಗಿದೆ.

ಕಳ್ಳನ ಕೈಗೆ ಯಂತ್ರ ಸಿಕ್ಕರೆ ಗೂಢಲಿಪಿ ರಕ್ಷೆ. ಗಾರ್ಫಿಂಕೆಲ್ ಮತ್ತು ಶೆಲತ್ ಕಂಡ ಬಗೆಯ ಸೋರಿಕೆಗೆ ಅದೇ ಮದ್ದು. ಆದರೆ ಒಡೆಯ ಸತ್ತು, ಮಗಳು ಅಪ್ಪನ ಫೋಟೊಗಳಿಗಾಗಿ ಅದೇ ಯಂತ್ರವನ್ನು ರಿಪೇರಿ ಅಂಗಡಿಗೆ ತಂದರೆ, ಗೂಢಲಿಪಿಗೆ ಕಳ್ಳನಿಗೂ ಮಗಳಿಗೂ ಭೇದ ತಿಳಿಯದು. ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡೋಣ ಎಂಬ ಹಳೆಯ ಧೈರ್ಯದ ಮಾತನ್ನು ಅಂಗಡಿಯವರು ಅಲ್ಲಿ ಹೇಳಲಾರರು.

ತಾಳೆಗರಿಯ ಕಟ್ಟು ಸವೆಯುವ ಮೊದಲೇ ಹೊಸ ಗರಿಗೆ ಪ್ರತಿ ಎತ್ತುತ್ತಿದ್ದ ಲಿಪಿಕಾರರಿಗೆ ಕಾಂತದ ವಿಷಯ ಗೊತ್ತಿರಲಿಲ್ಲ. ಯಾವ ಗರಿಯೂ ಶಾಶ್ವತವಲ್ಲ ಎಂದು ಮಾತ್ರ ಗೊತ್ತಿತ್ತು. ಹಾಗಾಗಿ ಅವರು ಹುಳು ಹಿಡಿಯುವವರೆಗೆ ಕಾಯಲಿಲ್ಲ, ಯಂತ್ರ ಚೆನ್ನಾಗಿ ಓಡುತ್ತಿರುವ ದಿನವೇ ಇನ್ನೊಂದು ಪ್ರತಿ ಮಾಡಿಟ್ಟು, ಅದರ ಕೀಲಿಯನ್ನು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿಟ್ಟವರು ನಡೆಯುತ್ತಿರುವುದೂ ಅದೇ ದಾರಿಯಲ್ಲಿ.